ಸುಟ್ಟ ನಾಣ್ಯದ ಗುಟ್ಟು ಹುಡುಕುವ ಮೊದಲು ವಿಳಾಸ ಓದಿ

ಮಾನ್ಯ ಸಂಪಾದಕರೇ,

ಯಾರೋ ಅನಾಮಧೇಯರು ಕೋಟ್ಯಂತರ ರೂಪಾಯಿಯ ಬಿಟ್‌ಕಾಯಿನನ್ನು ಯಾರೂ ತೆಗೆಯಲಾಗದ ವಿಳಾಸಕ್ಕೆ ಕಳಿಸಿಬಿಟ್ಟರು, ಅಂದರೆ 'ಸುಟ್ಟರು', ಎಂಬ ಸುದ್ದಿ ಆಗಾಗ ಮೊಬೈಲಿಗೆ ಬಂದು ಬೀಳುತ್ತದೆ. ಅದರ ಬೆನ್ನಿಗೇ ಊಹೆಗಳು ಶುರು: ಬಿಟ್‌ಕಾಯಿನ್ ಕಟ್ಟಿದವನೇ ಎದ್ದು ಬಂದನಂತೆ, ಕಪ್ಪುಹಣವಂತೆ, ಬೆಲೆ ಏರಿಸುವ ತಂತ್ರವಂತೆ. ಶಿವಮೊಗ್ಗದ ಅಡಿಕೆ ಮಂಡಿಗಳ ಸುತ್ತಮುತ್ತಲೂ ಈಗ ಈ ಮಾತು ಕೇಳುತ್ತದೆ. ಆದರೆ ಈ ವಹಿವಾಟುಗಳು ಬಹಿರಂಗ ಲೆಕ್ಕದ ಪುಸ್ತಕದಲ್ಲಿವೆ. ಮೊಬೈಲಿರುವ ಯಾರು ಬೇಕಾದರೂ ತೆರೆದು ಓದಬಹುದು. ಓದಿದರೆ, 'ತೆಗೆಯಲಾಗದ ವಿಳಾಸ' ಎಂಬ ಒಂದೇ ಹೆಸರಿನಡಿ ಒಂದಕ್ಕೊಂದು ಸಂಬಂಧವಿಲ್ಲದ ಹಲವು ಸಂಗತಿಗಳು ಕಲೆತುಹೋಗಿರುವುದು ಕಾಣುತ್ತದೆ. ಈ ಕಲಬೆರಕೆಯನ್ನೇ ಬಂಡವಾಳ ಮಾಡಿಕೊಂಡು ನಮ್ಮ ಕಡೆಯ ಬೆಳೆಗಾರರಿಗೆ ಟೋಕನ್, ಅಂದರೆ ಹೊಸ ಹೊಸ ಡಿಜಿಟಲ್ ನಾಣ್ಯ, ಮಾರುವವರು ಇರುವುದರಿಂದ ಈ ಪತ್ರ ಸ್ವಲ್ಪ ಉದ್ದವಾಗುತ್ತದೆ, ದಯವಿಟ್ಟು ಪ್ರಕಟಿಸಿ.

ಹೆಚ್ಚು ಸದ್ದು ಮಾಡಿದ ಪ್ರಕರಣದಿಂದಲೇ ತೊಡಗೋಣ. 2024ರ ಜನವರಿ 5ರಂದು ಸುಮಾರು 26.9 ಬಿಟ್‌ಕಾಯಿನ್, ಅಂದಿನ ಬೆಲೆಯಲ್ಲಿ ಹತ್ತಿರ ಹತ್ತಿರ 12 ಲಕ್ಷ ಡಾಲರ್, ಬಿಟ್‌ಕಾಯಿನ್‌ನ ಮೊಟ್ಟಮೊದಲ ವಿಳಾಸಕ್ಕೆ ಬಂತು. ಅದು ಬಿಟ್‌ಕಾಯಿನ್ ಕಟ್ಟಿ, ಸತೋಷಿ ನಕಮೊಟೊ ಎಂಬ ಹೆಸರಿನಲ್ಲಿ ಬರೆಯುತ್ತಿದ್ದವರು 2009ರ ಜನವರಿ 3ರ ಮೊದಲ ಬ್ಲಾಕಿನಲ್ಲಿ, ಅಂದರೆ ಆ ಲೆಕ್ಕದ ಪುಸ್ತಕದ ಮೊದಲ ಪುಟದಲ್ಲಿ, ಬಳಸಿದ ಕೀಲಿಯ ವಿಳಾಸ. ಕೀಲಿ ಎಂದರೆ ವಿಳಾಸದಲ್ಲಿರುವ ಹಣ ತೆಗೆಯಲು ಬೇಕಾದ ಗುಪ್ತ ಸಂಖ್ಯೆ. ಲಂಡನ್ನಿನ ಟೈಮ್ಸ್ ಪತ್ರಿಕೆಯ ಅಂದಿನ ತಲೆಬರಹ ಕೂಡ ಅದೇ ಬ್ಲಾಕಿನಲ್ಲಿ ಅಚ್ಚಾಗಿದೆ. ಹಣ 'ಶಾಶ್ವತವಾಗಿ ಸುಟ್ಟುಹೋಯಿತು' ಎಂದೇ ಎಲ್ಲೆಡೆ ಬರೆದರು. ಅದು ಅರ್ಧ ಸರಿ, ಅರ್ಧ ತಪ್ಪು. ಮೊದಲ ಬ್ಲಾಕಿನಲ್ಲಿ ಹುಟ್ಟಿದ 50 ಬಿಟ್‌ಕಾಯಿನ್ ಮಾತ್ರ ನಿಜಕ್ಕೂ ತೆಗೆಯಲು ಬಾರದವು. ಏಕೆಂದರೆ ಸಾಫ್ಟ್‌ವೇರ್ ಆ ಒಂದು ವಹಿವಾಟನ್ನು 'ಇನ್ನೂ ಖರ್ಚಾಗದ ನಾಣ್ಯಗಳ' ಪಟ್ಟಿಗೆ ಸೇರಿಸಿಕೊಂಡೇ ಇಲ್ಲ. ಕೀಲಿ ಕೈಯಲ್ಲಿದ್ದರೂ ಜಾಲ ಅದನ್ನು ಒಪ್ಪುವುದಿಲ್ಲ. ಆಮೇಲೆ ಜನ ಅದೇ ವಿಳಾಸಕ್ಕೆ ಕಳಿಸಿದ ನಾಣ್ಯಗಳು ಹಾಗಲ್ಲ. ಅವು ಪಟ್ಟಿಯಲ್ಲಿವೆ. ಸತೋಷಿಯ ಬಳಿ ಕೀಲಿ ಉಳಿದಿದ್ದರೆ ಈ 26.9 ಬಿಟ್‌ಕಾಯಿನನ್ನು ನಾಳೆಯೇ ತೆಗೆಯಬಹುದು. ಹಾಗಾಗಿ ಆ ಹಣ ಸುಟ್ಟದ್ದಲ್ಲ, ಕಾಣಿಕೆ. ತುಂಗೆಯ ಸೇತುವೆ ಮೇಲೆ ಬಸ್ಸು ಹೋಗುವಾಗ ಕಿಟಕಿಯಿಂದ ಹೊಳೆಗೆ ಕಾಸು ಹಾಕುವವರು ಈಗಲೂ ಇದ್ದಾರಲ್ಲ, ಅದೇ ಭಾವದಿಂದ ಈ ವಿಳಾಸಕ್ಕೆ ಪುಡಿಕಾಸು ಹಾಕುವವರು ಜಗತ್ತಿನ ತುಂಬ ಇದ್ದಾರೆ. ಒಬ್ಬರು ದೊಡ್ಡ ಮೊತ್ತ ಹಾಕಿದ್ದರಿಂದ ಅದು ಸುದ್ದಿಯಾಯಿತು. ಅಮೆರಿಕದ ನಿಯಂತ್ರಕರು ಬಿಟ್‌ಕಾಯಿನ್ ಇಟಿಎಫ್‌ಗೆ, ಅಂದರೆ ಷೇರುಪೇಟೆಯಲ್ಲೇ ಕೊಳ್ಳಬಹುದಾದ ಬಿಟ್‌ಕಾಯಿನ್ ನಿಧಿಗೆ, ಒಪ್ಪಿಗೆ ಕೊಟ್ಟದ್ದು ಜನವರಿ 10ರಂದು, ಐದೇ ದಿನ ಕಳೆದು. ಪ್ರಚಾರಕ್ಕೆ ಮಾಡಿದ್ದು ಎಂಬ ಊಹೆ ಹುಟ್ಟಿದ್ದು ಅದರಿಂದ. ಸತೋಷಿ ಎದ್ದು ಬಂದ ಎನ್ನುವ ಊಹೆಗಂತೂ ಬುಡವೇ ಇಲ್ಲ. ವಿಳಾಸಕ್ಕೆ ಹಣ ಹಾಕಲು ಕೀಲಿ ಬೇಕಿಲ್ಲ, ತೆಗೆಯಲು ಮಾತ್ರ ಬೇಕು. ಒಳಗೆ ಬಂದ ಹಣ ಆ ವಿಳಾಸದ ಒಡೆಯನ ಬಗ್ಗೆ ಏನನ್ನೂ ಹೇಳುವುದಿಲ್ಲ.

ಇನ್ನು ನಿಜವಾಗಿಯೂ ಯಾರ ಬಳಿಯೂ ಕೀಲಿಯೇ ಇಲ್ಲದ ವಿಳಾಸಗಳು. ಅವನ್ನು ಗುರುತಿಸಲು ವಿಳಾಸ ಹೇಗೆ ಹುಟ್ಟುತ್ತದೆಂದು ತಿಳಿದಿರಬೇಕು. ಮಾಮೂಲಾಗಿ ಮೊದಲು ಹುಟ್ಟುವುದು 256 ಬಿಟ್‌ಗಳ ಖಾಸಗಿ ಕೀಲಿ. ಅದರಿಂದ ಸಾರ್ವಜನಿಕ ಕೀಲಿ. ಅದನ್ನು ಎಸ್‌ಎಚ್‌ಎ-256, ಆಮೇಲೆ ರೈಪ್‌ಎಂಡಿ-160 ಎಂಬ ಎರಡು ಗಾಣಗಳಲ್ಲಿ ಅರೆದರೆ 160 ಬಿಟ್‌ಗಳ ಒಂದು ಸಂಖ್ಯೆ ಉಳಿಯುತ್ತದೆ. ಅದಕ್ಕೆ 4 ಬೈಟ್‌ಗಳ ತಪ್ಪು-ತಪಾಸಣೆ ಸೇರಿಸಿ, 58 ಅಕ್ಷರ-ಅಂಕಿಗಳ ಲಿಪಿಯಲ್ಲಿ ಬರೆದರೆ 1ರಿಂದ ಶುರುವಾಗುವ ಹಳೆಯ ಬಗೆಯ ವಿಳಾಸ ಸಿದ್ಧ. ಗಾಣ ಒಂದೇ ಕಡೆ ತಿರುಗುತ್ತದೆ. ವಿಳಾಸದಿಂದ ಹಿಂದಕ್ಕೆ ಹೋಗಿ ಕೀಲಿ ತೆಗೆಯಲು ದಾರಿಯಿಲ್ಲ.

ಆದರೆ ಕೀಲಿಯನ್ನೇ ಬಿಟ್ಟು, ನೇರವಾಗಿ ವಿಳಾಸವನ್ನೇ ಬರೆದುಬಿಡಬಹುದು. ಮೊದಲ 28 ಅಕ್ಷರಗಳನ್ನು ನಮಗೆ ಬೇಕಾದಂತೆ ಇಟ್ಟು, ಕೊನೆಯ 6 ಅಕ್ಷರಗಳು ತಪಾಸಣೆಗೆ ಸರಿಹೊಂದುವಂತೆ ಲೆಕ್ಕ ಹಾಕಿದರೆ ಸಾಕು, ಜಾಲ ಅದನ್ನು ಸರಿಯಾದ ವಿಳಾಸವೆಂದೇ ಸ್ವೀಕರಿಸುತ್ತದೆ. 'ಬಿಟ್‌ಕಾಯಿನ್ ಈಟರ್ ಅಡ್ರೆಸ್ ಡೋಂಟ್ ಸೆಂಡ್' ಎಂದು ಇಂಗ್ಲಿಷಿನಲ್ಲಿ ಓದಿಸಿಕೊಳ್ಳುವ ಪ್ರಸಿದ್ಧ ವಿಳಾಸ ಹೀಗೆ ಮಾಡಿದ್ದು. 1, ಆಮೇಲೆ 27 ಅಕ್ಷರಗಳ ವಾಕ್ಯ, ಬಾಲದಲ್ಲಿ ಅರ್ಥವಿಲ್ಲದ 6 ಅಕ್ಷರ, ಒಟ್ಟು 34. 'ಯಾರಿಗೋ ಗೊತ್ತಿರುವ ಗುಪ್ತ ಕೀಲಿ ಇರಬಹುದು' ಎಂಬ ಅನುಮಾನ ಇಂಥಲ್ಲಿ ಸದಾ ಏಳುತ್ತದೆ. ಲೆಕ್ಕ ನೋಡಿ. ಕೀಲಿಗಳನ್ನು ಒಂದೊಂದೇ ಪರೀಕ್ಷಿಸುತ್ತ ಹೋದರೆ ಬೇಕಾದ ಒಂದು ಅಕ್ಷರ ಹೆಚ್ಚಾದಂತೆ ಶ್ರಮ 58 ಪಟ್ಟಾಗುತ್ತದೆ. ಐದಾರು ಅಕ್ಷರದ ಹೆಸರುಳ್ಳ, ಕೀಲಿಯೂ ಇರುವ ವಿಳಾಸವನ್ನು ಮನೆಯ ಕಂಪ್ಯೂಟರಿನಲ್ಲೇ ಹುಡುಕಬಹುದು. ಹಾಗೆ ಹುಡುಕಿಕೊಂಡವರು ಬಹಳ ಮಂದಿ ಇದ್ದಾರೆ. 27 ಅಕ್ಷರಕ್ಕೆ ಬಂದರೆ ಪ್ರಯತ್ನಗಳ ಸಂಖ್ಯೆ 48 ಅಂಕಿಗಳಷ್ಟು ಉದ್ದವಾಗುತ್ತದೆ. ಸೆಕೆಂಡಿಗೆ ಒಂದು ಲಕ್ಷ ಕೋಟಿ ಕೀಲಿ ಪರೀಕ್ಷಿಸುವ ಯಂತ್ರ ಇದ್ದರೂ ವಿಶ್ವದ ಈವರೆಗಿನ ಆಯುಸ್ಸು, ಅಂದರೆ ಸುಮಾರು 1,380 ಕೋಟಿ ವರ್ಷ, ಏನೇನೂ ಸಾಲದು. ಆದ್ದರಿಂದ ಓದುಗರು ನೆನಪಿಡಬಹುದಾದ ಅಳತೆ ಇಷ್ಟು: ಹೆಸರು ಚಿಕ್ಕದಿದ್ದು ಉಳಿದದ್ದು ಕಲಸುಮೇಲೋಗರವಾಗಿದ್ದರೆ ಕೀಲಿ ಇರುವ ಸಂಭವವೇ ಹೆಚ್ಚು. ಇಡೀ ವಿಳಾಸವೇ ವಾಕ್ಯವಾಗಿದ್ದರೆ ಅಥವಾ ಒಂದೇ ಅಕ್ಷರದ ಸಾಲಾಗಿದ್ದರೆ ಕೀಲಿ ಯಾರ ಬಳಿಯೂ ಇಲ್ಲ.

ಹೀಗೆ ಬೇಕೆಂದೇ ಸುಡುವುದಕ್ಕೆ ಕಾರಣಗಳೂ ಇವೆ, ಅವು ಬಹಿರಂಗವಾಗಿಯೇ ಇದ್ದವು. 2014ರ ಜನವರಿಯಲ್ಲಿ ಕೌಂಟರ್‌ಪಾರ್ಟಿ ಎಂಬ ಯೋಜನೆಯವರು ತಮ್ಮ ಹೊಸ ಟೋಕನ್ನನ್ನು ಮಾರಲಿಲ್ಲ. ತಮ್ಮ ಹೆಸರಿನ ಹಿಂದೆ 15 'ಎಕ್ಸ್'ಗಳಿದ್ದ ವಿಳಾಸಕ್ಕೆ ಬಿಟ್‌ಕಾಯಿನ್ ಸುಟ್ಟವರಿಗೆ, ಪ್ರತಿ ಬಿಟ್‌ಕಾಯಿನ್‌ಗೆ 1,000ದಿಂದ 1,500 ಟೋಕನ್ ಎಂಬ ಲೆಕ್ಕದಲ್ಲಿ ಹಂಚಿದರು. ಮೊದಲು ಬಂದವರಿಗೆ ಹೆಚ್ಚು. ಎರಡು ಸಾವಿರಕ್ಕೂ ಹೆಚ್ಚು ಬಿಟ್‌ಕಾಯಿನ್ ಹಾಗೆ ಸುಟ್ಟುಹೋಯಿತು. ಯೋಜನೆ ಕಟ್ಟಿದವರ ಜೇಬಿಗೆ ಒಂದು ಕಾಸೂ ಹೋಗಲಿಲ್ಲ ಎಂದು ಯಾರು ಬೇಕಾದರೂ ಪರೀಕ್ಷಿಸಿ ನೋಡಬಹುದು. ಸುಡುವುದರ ಉದ್ದೇಶವೇ ಅದಾಗಿತ್ತು. ಹತ್ತು ವರ್ಷ ಕಳೆದು ಅದೇ ವಿಳಾಸವನ್ನು ಮೊದಲ ಸಲ ನೋಡಿದವರಿಗೆ ಅದು ಮಹಾ ನಿಗೂಢವಾಗಿ ಕಾಣುತ್ತದೆ.

ಇದಕ್ಕಿಂತ ಗಟ್ಟಿಯಾಗಿ ಮುಚ್ಚಿದ ಬಾಗಿಲುಗಳೂ ಇವೆ. 2011ರ ಅಕ್ಟೋಬರಿನಲ್ಲಿ ಮೌಂಟ್ ಗಾಕ್ಸ್ ಎಂಬ ಎಕ್ಸ್‌ಚೇಂಜಿನ (ನಾಣ್ಯ ಕೊಂಡು ಮಾರುವ ತಾಣದ) ಪ್ರೋಗ್ರಾಮಿನ ತಪ್ಪಿನಿಂದ 2,609.36 ಬಿಟ್‌ಕಾಯಿನ್ ಹೋಯಿತು. ಪಡೆಯುವವರ 20 ಬೈಟ್‌ಗಳ ಗುರುತು, ಅಂದರೆ ಮೇಲೆ ಹೇಳಿದ 160 ಬಿಟ್‌ಗಳ ಸಂಖ್ಯೆ, ಇರಬೇಕಾದ ಜಾಗ ಖಾಲಿಯಾಗಿತ್ತು. ಯಾವ ಕೀಲಿಯನ್ನು ಅರೆದರೂ 'ಖಾಲಿ' ಎಂಬ ಉತ್ತರ ಬರುವುದಿಲ್ಲ, ಹಾಗಾಗಿ ಆ ಬೀಗಕ್ಕೆ ಕೀಲಿ ಎಂಬುದು ತರ್ಕದಲ್ಲೇ ಸಾಧ್ಯವಿಲ್ಲ. ಬಿಟ್‌ಕಾಯಿನ್‌ನಂಥದೇ ಇನ್ನೊಂದು ಜಾಲವಾದ ಇಥೀರಿಯಂನಲ್ಲಿ 2017ರ ನವೆಂಬರಿನಲ್ಲಿ ಪ್ಯಾರಿಟಿ ಕಂಪನಿಯ ಹಲವು ವಾಲೆಟ್‌ಗಳು (ನಾಣ್ಯ ಇಡುವ ಡಿಜಿಟಲ್ ಚೀಲಗಳು) ಅವಲಂಬಿಸಿದ್ದ ಒಂದೇ ಮೂಲ ಪ್ರೋಗ್ರಾಮನ್ನು ಹೊರಗಿನವರೊಬ್ಬರು ಅಳಿಸಿಬಿಟ್ಟರು. ಆ ಜಾಲದ ನಾಣ್ಯವಾದ ಇಥರ್ 5.13 ಲಕ್ಷದಷ್ಟು ಇಂದಿಗೂ ಅಲ್ಲೇ ಸಿಕ್ಕಿಬಿದ್ದಿದೆ. ಎರಡೂ ಬರೀ ತಪ್ಪುಗಳು. ದೊಡ್ಡ ಮೊತ್ತ ಕಂಡ ಕೂಡಲೇ ದೊಡ್ಡ ಸಂಚು ಹುಡುಕುವವರು ಇವೆರಡನ್ನು ಮೊದಲು ನೋಡಬೇಕು.

ಮಲಗಿರುವ ವಿಳಾಸಗಳ ವಿಷಯ ಬೇರೆಯೇ. ಹಣ ಬಂದಿದೆ, ಹೋಗಿಲ್ಲ, ವರ್ಷಗಳಾಗಿವೆ ಎಂದರೆ ಅದು ತೆಗೆಯಲಾಗದ ವಿಳಾಸ ಎಂದಲ್ಲ. 2025ರ ಜುಲೈ 4ರಂದು, 2011ರಿಂದ ಅಲುಗದೆ ಕೂತಿದ್ದ ಎಂಟು ವಿಳಾಸಗಳಿಂದ ತಲಾ 10,000ದಂತೆ 80,000 ಬಿಟ್‌ಕಾಯಿನ್ ಹೊರಟಿತು. 14 ವರ್ಷ 'ಸತ್ತಿದೆ' ಎಂದು ಲೆಕ್ಕ ಬರೆದಿದ್ದವರ ಪಟ್ಟಿ ಒಂದೇ ದಿನದಲ್ಲಿ ತಪ್ಪಾಯಿತು. ಸತೋಷಿಯದೆಂದು ಅಂದಾಜಿಸಿರುವ ಸುಮಾರು 11 ಲಕ್ಷ ಬಿಟ್‌ಕಾಯಿನ್ ಕೂಡ ಇದೇ ಗುಂಪಿನದು.

ಓದುಗರು ತಾವೇ ಪರೀಕ್ಷಿಸುವ ಕ್ರಮ ಹೀಗಿದೆ. ಬಿಟ್‌ಕಾಯಿನ್ ಆದರೆ ಮೆಂಪೂಲ್ ಡಾಟ್ ಸ್ಪೇಸ್, ಇಥೀರಿಯಂ ಆದರೆ ಇಥರ್‌ಸ್ಕ್ಯಾನ್ ಎಂಬ ಜಾಲತಾಣ ತೆರೆದು ಸುದ್ದಿಯಲ್ಲಿರುವ ವಹಿವಾಟಿನ ಐಡಿಯನ್ನು ಹಾಕಿ. ಅದು 64 ಅಕ್ಷರ-ಅಂಕಿಗಳ ಸಾಲು. ಸುದ್ದಿಯಲ್ಲಿ ಐಡಿಯೇ ಇಲ್ಲದಿದ್ದರೆ ಅದನ್ನು ನಂಬುವ ಅಗತ್ಯವಿಲ್ಲ. ಹಣ ಪಡೆದ ಕಡೆ 'ಆಪ್ ರಿಟರ್ನ್' ಎಂದಿದ್ದರೆ ಅದು ಜಾಲವೇ ಒಪ್ಪಿಕೊಂಡ, ಎಂದೂ ಖರ್ಚಾಗದ ಸಾಲು. ಸಾಮಾನ್ಯವಾಗಿ ಅದರಲ್ಲಿ ಹಣ ಇರುವುದಿಲ್ಲ, ಬರೀ ಬರಹ ಇರುತ್ತದೆ. ಅದಲ್ಲದಿದ್ದರೆ ವಿಳಾಸವನ್ನು ಒತ್ತಿ, ಒಟ್ಟು ಬಂದದ್ದೆಷ್ಟು, ಹೋದದ್ದೆಷ್ಟು ನೋಡಿ. ಒಂದು ಸತೋಷಿ, ಅಂದರೆ ಬಿಟ್‌ಕಾಯಿನ್‌ನ ಹತ್ತು ಕೋಟಿಯ ಒಂದು ಪಾಲು ಹೊರಹೋಗಿದ್ದರೂ ಕೀಲಿ ಇದೆ, ಅಲ್ಲಿಗೆ 'ಸುಟ್ಟರು' ಎಂಬ ಕತೆ ಮುಗಿಯಿತು. ಆಮೇಲೆ ಕಳಿಸಿದ ಕಡೆ ಹಿಂದಕ್ಕೆ ಹೋಗಿ. ಎಕ್ಸ್‌ಚೇಂಜಿನಿಂದ ಬಂದಿದ್ದರೆ ಕಳಿಸಿದವರ ಗುರುತಿನ ಚೀಟಿ ಅಲ್ಲಿ ದಾಖಲಾಗಿರುವ ಸಂಭವವಿದೆ, ಅನಾಮಧೇಯತೆ ನಮ್ಮ ಪಾಲಿಗೆ ಮಾತ್ರ. ಇಥರ್‌ಸ್ಕ್ಯಾನ್‌ನಲ್ಲಿ 'ಇನ್‌ಪುಟ್ ಡೇಟಾ' ಎಂಬ ಜಾಗವನ್ನು ತೆರೆದು ಯುಟಿಎಫ್-8 ಎಂದು ಆಯ್ದುಕೊಳ್ಳಿ. 2025ರ ಫೆಬ್ರವರಿಯಲ್ಲಿ 500 ಇಥರ್ ಸುಟ್ಟವರೊಬ್ಬರು ಕಾರಣವನ್ನು ಅಲ್ಲೇ ಬರೆದಿದ್ದರು.

ಅಲ್ಲಿ ಒಂದು ಎಡವಟ್ಟು ಪದೇ ಪದೇ ಆಗುತ್ತದೆ. ಇಥೀರಿಯಂನ ಸೊನ್ನೆ ವಿಳಾಸದಿಂದ, ಅಂದರೆ 40 ಸೊನ್ನೆಗಳ ವಿಳಾಸದಿಂದ, ಯಾರಿಗೋ ಟೋಕನ್ ಬಂದಂತೆ ಪಟ್ಟಿ ತೋರಿಸುತ್ತದೆ. 'ಸತ್ತ ವಿಳಾಸದ ಕೀಲಿ ಸಿಕ್ಕಿತು' ಎಂಬ ವದಂತಿ ಹುಟ್ಟುವುದು ಇಲ್ಲೇ. ಹೊಸ ಟೋಕನ್ ಹುಟ್ಟಿಸಿದಾಗ ಅದನ್ನು ಸೊನ್ನೆ ವಿಳಾಸದಿಂದ ಬಂದಂತೆ ನಮೂದಿಸುವುದು ಅಲ್ಲಿನ ರೂಢಿ, ಅಷ್ಟೆ. ಜೊತೆಗೆ, ಟೋಕನ್ನಿನ ಪ್ರೋಗ್ರಾಂ ಬರೆದವನು ಯಾರ ವಿಳಾಸದಿಂದ ಬೇಕಾದರೂ ತನ್ನ ಟೋಕನ್ ಹೋದಂತೆ ಸುಳ್ಳು ನಮೂದು ಹಾಕಬಲ್ಲ.

ಊಹೆಗಳನ್ನು ಒರೆಗೆ ಹಚ್ಚೋಣ. ಕಪ್ಪುಹಣ ಬಿಳಿ ಮಾಡಲು ಸುಟ್ಟರು ಎನ್ನುವುದು ನಿಲ್ಲುವುದಿಲ್ಲ. ಬಿಳಿಯಾಗಬೇಕಾದರೆ ಹಣ ಇನ್ನೊಂದು ತುದಿಯಲ್ಲಿ ಹೊರಬರಬೇಕು. ಸುಟ್ಟದ್ದಕ್ಕೆ ಪ್ರತಿಯಾಗಿ ಬೇರೆಡೆ ಟೋಕನ್ ಹುಟ್ಟಿದ್ದರೆ ಮಾತ್ರ ಅನುಮಾನಕ್ಕೆ ಎಡೆಯುಂಟು. ತೆರಿಗೆ ಉಳಿಸಲು ನಷ್ಟ ತೋರಿಸಿದರು ಎನ್ನುವುದು ನಮ್ಮ ದೇಶದಲ್ಲಂತೂ ನಡೆಯದು. 2022ರ ಏಪ್ರಿಲ್ 1ರಿಂದ ಕ್ರಿಪ್ಟೊ ಲಾಭದ ಮೇಲೆ ಶೇ 30 ತೆರಿಗೆಯಿದೆ, ಒಂದರ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯಲು ಬಿಡುವುದಿಲ್ಲ. ಆ ಮೇಲೆ ಅದೇ ವರ್ಷದ ಜುಲೈ 1ರಿಂದ ವರ್ಗಾವಣೆಗೆ ಶೇ 1 ಟಿಡಿಎಸ್ ಬೇರೆ.

ಬೆಲೆ ಏರಿಸಲು ಸುಟ್ಟರು ಎಂಬ ಮೂರನೆಯ ಊಹೆಯೇ ನಮ್ಮವರ ಮನೆಗೆ ಬಂದು ಕದ ತಟ್ಟುತ್ತಿರುವುದು. ಅಡಿಕೆಗೊನೆಯ ಕೊಯ್ಲು ಮುಗಿದು, ಅಡಿಕೆ ಮಂಡಿ ಸೇರಿ, ಕೈಯಲ್ಲಿ ನಾಲ್ಕು ಕಾಸು ಆಡುವ ಹೊತ್ತಿಗೆ ವಾಟ್ಸ್ಯಾಪ್ ಗುಂಪುಗಳಲ್ಲಿ ಟೋಕನ್ ಮಾರುವವರು ಕಾಣಿಸಿಕೊಳ್ಳುತ್ತಾರೆ. 'ನಮ್ಮ ಟೋಕನ್ ವಾರವಾರ ಬರ್ನ್ ಆಗುತ್ತದೆ (ಸುಡಲಾಗುತ್ತದೆ), ಉಳಿದದ್ದರ ಬೆಲೆ ಏರಲೇಬೇಕು' ಎನ್ನುತ್ತಾರೆ. ಒಬ್ಬ ಬೆಳೆಗಾರನ ಒಂದು ಲೋಡು ರಾಶಿ ಅಡಿಕೆ ಹೊಳೆಗೆ ಬಿದ್ದರೆ ಶಿವಮೊಗ್ಗದ ದರ ಏರುತ್ತದೆಯೇ? ಒಟ್ಟು ಆವಕದಲ್ಲಿ ಅದು ಎಷ್ಟು ಪಾಲು, ಕೊಳ್ಳುವವರು ಎಷ್ಟು ಮಂದಿ ಇದ್ದಾರೆ ಎಂಬುದನ್ನು ಕೇಳದೆ ಯಾವ ಬೆಳೆಗಾರರೂ ಉತ್ತರ ಹೇಳುವುದಿಲ್ಲ. ಟೋಕನ್ನಿಗೂ ಕೇಳಬೇಕಾದ್ದು ಅದನ್ನೇ. ಕೌಂಟರ್‌ಪಾರ್ಟಿ ಸುಡಿಸಿದ್ದು ಒಟ್ಟು 2.1 ಕೋಟಿ ಬಿಟ್‌ಕಾಯಿನ್‌ನಲ್ಲಿ ಹತ್ತು ಸಾವಿರಕ್ಕೆ ಒಂದು ಪಾಲು.

ಸುಟ್ಟದ್ದರ 'ಬೆಲೆ' ಎಂದು ಅಚ್ಚಾಗುವ ಅಂಕಿಯೂ ಮೋಸ ಮಾಡುತ್ತದೆ. ಇಥೀರಿಯಂ ಕಟ್ಟಿದವರಲ್ಲಿ ಒಬ್ಬರಾದ ವಿಟಾಲಿಕ್ ಬುಟೆರಿನ್ ಅವರಿಗೆ ಶಿಬಾ ಇನು ಟೋಕನ್ ಕಟ್ಟಿದವರು ಅರ್ಧದಷ್ಟನ್ನು ತಾವಾಗಿಯೇ ಕಳಿಸಿದ್ದರು. 2021ರ ಮೇ ತಿಂಗಳಲ್ಲಿ ಅವರು ಅದರಲ್ಲಿ 50 ಲಕ್ಷ ಕೋಟಿ ಟೋಕನ್ನುಗಳನ್ನು ಭಾರತದ ಕೋವಿಡ್ ಪರಿಹಾರ ನಿಧಿಯೊಂದಕ್ಕೆ ಕೊಟ್ಟು, 410 ಲಕ್ಷ ಕೋಟಿಯನ್ನು ಸತ್ತ ವಿಳಾಸಕ್ಕೆ ಹಾಕಿದರು. ನಿಧಿಗೆ ಬಂದದ್ದು ಕಾಗದದ ಮೇಲೆ 100 ಕೋಟಿ ಡಾಲರ್ ದಾಟುತ್ತಿತ್ತು. ಆದರೆ ಒಮ್ಮೆಗೇ ಮಾರಿದರೆ ಬೆಲೆ ಕುಸಿಯುತ್ತದೆಂದು ನಿಧಿಯವರು ಹಂತಹಂತವಾಗಿ ಮಾರುವ ತೀರ್ಮಾನ ಮಾಡಬೇಕಾಯಿತು. ಕೊಳ್ಳುವವರೇ ಇಲ್ಲದಷ್ಟು ಸರಕಿಗೆ ಅಂದಿನ ದರದಿಂದ ಗುಣಿಸಿ 'ಇಷ್ಟು ಕೋಟಿ ಸುಟ್ಟರು' ಎಂದರೆ ಅದು ಹಣದ ಲೆಕ್ಕವಾಗುವುದಿಲ್ಲ.

ಟೋಕನ್ ತೋರಿಸಿ ಹಣ ಕೇಳುವವರ ಮುಂದೆ ಮಾಡಬೇಕಾದ ಪರೀಕ್ಷೆ ಇನ್ನೂ ಸ್ವಲ್ಪ ಇದೆ. ಅವರು ತೋರಿಸುವ ಬರ್ನ್ ವಿಳಾಸವನ್ನು ಪೂರ್ತಿ ಓದಿ. ಸಾಮಾನ್ಯವಾಗಿ ಬಳಸುವ ಸತ್ತ ವಿಳಾಸದಲ್ಲಿ '0ಎಕ್ಸ್' ನಂತರ 36 ಸೊನ್ನೆ, ಕೊನೆಗೆ 'ಡೆಡ್' ಎಂಬ ನಾಲ್ಕು ಅಕ್ಷರ. ಮೊಬೈಲ್ ಪರದೆಯಲ್ಲಿ ಸಾಮಾನ್ಯವಾಗಿ '0ಎಕ್ಸ್' ನಂತರದ ಮೊದಲ ಆರು, ಕೊನೆಯ ನಾಲ್ಕರಷ್ಟು ಮಾತ್ರ ಕಾಣುತ್ತವೆ, ನಡುವೆ ಚುಕ್ಕಿಗಳು. ಅಷ್ಟು ಹತ್ತು ಜಾಗ ಹೊಂದುವ, ಆದರೆ ಕೀಲಿ ತನ್ನ ಬಳಿಯೇ ಇರುವ ವಿಳಾಸ ಹುಡುಕಲು ಬೇಕಾದ ಪ್ರಯತ್ನ ಸುಮಾರು 1.1 ಲಕ್ಷ ಕೋಟಿ. ಕೇಳಲು ಭಾರೀ ಸಂಖ್ಯೆ, ಒಳ್ಳೆಯ ಗ್ರಾಫಿಕ್ಸ್ ಕಾರ್ಡಿಗೆ ಕೆಲವು ಗಂಟೆಗಳ ಕೆಲಸ. ಸುಟ್ಟೆ ಎಂದು ತೋರಿಸಿ ತಮ್ಮದೇ ಇನ್ನೊಂದು ಜೇಬಿಗೆ ಹಾಕಿಕೊಳ್ಳಲು ಇಷ್ಟು ಸಾಕು. ಎರಡನೆಯದಾಗಿ, ಟೋಕನ್ನಿನ ಕಾಂಟ್ರ್ಯಾಕ್ಟ್ (ಅದನ್ನು ನಡೆಸುವ ಪ್ರೋಗ್ರಾಂ) ಪುಟದಲ್ಲಿ 'ಮಿಂಟ್', ಅಂದರೆ ಹೊಸದಾಗಿ ಟೋಕನ್ ಹುಟ್ಟಿಸುವ ಆಜ್ಞೆ ಇದೆಯೇ, ಅದನ್ನು ಒಡೆಯನೊಬ್ಬನೇ ಒತ್ತಬಹುದೇ ಎಂದು ನೋಡಿ. ಇದ್ದರೆ ಹಗಲು ಸುಟ್ಟದ್ದನ್ನು ರಾತ್ರಿ ಮತ್ತೆ ಹುಟ್ಟಿಸಬಹುದು. ಕಾಂಟ್ರ್ಯಾಕ್ಟಿನ ಬರಹವನ್ನೇ ಬಹಿರಂಗಪಡಿಸಿಲ್ಲ ಎಂದಾದರೆ ಮುಂದೆ ನೋಡುವುದೇ ಬೇಡ.

ತಮ್ಮ ಹಣವೇ ಇಂಥ ವಿಳಾಸ ಸೇರಬಾರದು ಎನ್ನುವವರಿಗೆ ಎರಡು ಮಾತು. ಹಳೆಯ ವಹಿವಾಟಿನ ಪಟ್ಟಿಯಿಂದ ವಿಳಾಸ ನಕಲು ಮಾಡಬೇಡಿ. ನೀವು ಹಣ ಕಳಿಸುವ ವಿಳಾಸದ ತಲೆ-ಬಾಲ ಹೋಲುವ ವಿಳಾಸದಿಂದ ಸೊನ್ನೆ ಮೊತ್ತ ಕಳಿಸಿ, ನಿಮ್ಮ ಪಟ್ಟಿಯಲ್ಲಿ ತಾವು ಬಂದು ಕೂರುವ ಕಳ್ಳರಿದ್ದಾರೆ. 2024ರ ಮೇ ತಿಂಗಳಲ್ಲಿ ಒಬ್ಬರು ಹೀಗೆ 6.8 ಕೋಟಿ ಡಾಲರ್ ಮೌಲ್ಯದ 1,155 ಟೋಕನ್ ಕಳಿಸಿಬಿಟ್ಟಿದ್ದರು. ಮೊದಲು ಚಿಕ್ಕ ಮೊತ್ತ ಕಳಿಸಿ, ತಲುಪಿತೆಂದು ಆ ಕಡೆಯವರಿಂದ ಕೇಳಿ, ಆಮೇಲೆ ಉಳಿದದ್ದು. ಮಳೆಗಾಲದಲ್ಲಿ ಒತ್ತಿದ ಕ್ಷಣಕ್ಕೇ ಕರೆಂಟು ಹೋಗಿ ನೆಟ್ ಕಡಿದರೆ, ಮರಳಿ ಬಂದಾಗ ಮತ್ತೆ ಒತ್ತಬೇಡಿ. ವಿಳಾಸವನ್ನು ಮೇಲೆ ಹೇಳಿದ ಜಾಲತಾಣದಲ್ಲಿ ಹಾಕಿ ಮೊದಲನೆಯದು ಹೋಗಿದೆಯೇ ನೋಡಿ. ಎರಡು ಸಲ ಹೋದ ಹಣವನ್ನು ಜಾಲ ಹಿಂದಿರುಗಿಸುವುದಿಲ್ಲ.

ಯಾವ ಸಂಚೂ ಇಲ್ಲದೆ ವಿಳಾಸ ಶಾಶ್ವತವಾಗಿ ಮುಚ್ಚಿಹೋಗುವುದು ಹೆಚ್ಚಾಗಿ ಮನೆಯೊಳಗೇ, ವಾಲೆಟ್ಟಿನ ಕೀಲಿಯನ್ನು ಮರಳಿ ಪಡೆಯಲು ಬೇಕಾದ 12 ಅಥವಾ 24 ಪದಗಳ ಚೀಟಿ ಹಾಳಾಗುವುದರಿಂದ. ನಮ್ಮ ಕಡೆ ಕಾಗದಕ್ಕೆ ಎರಡು ಶತ್ರು, ಬೂಷ್ಟು ಮತ್ತು ಗೆದ್ದಲು. ಜೆಲ್ ಪೆನ್ನಿನ ಬರಹ ಒಂದು ಆಷಾಢದ ಥಂಡಿಗೆ ಹರಡಿಹೋಗಬಹುದು. ಪೆನ್ಸಿಲ್ ಬರಹ ತಡೆಯುತ್ತದೆ. ಇನ್ನೂ ಗಟ್ಟಿ ಬೇಕೆಂದರೆ ಸ್ಟೀಲ್ ತಗಡಿನ ಮೇಲೆ ಅಕ್ಷರದ ಅಚ್ಚು ಇಟ್ಟು ಸುತ್ತಿಗೆಯಿಂದ ಹೊಡೆಯಿರಿ. ಪ್ರತಿ ಪದದ ಮೊದಲ ನಾಲ್ಕು ಅಕ್ಷರ ಮತ್ತು ಅದರ ಕ್ರಮಸಂಖ್ಯೆ ಸಾಕು. ಸಾಮಾನ್ಯವಾಗಿ ಬಳಸುವ 2,048 ಪದಗಳ ಇಂಗ್ಲಿಷ್ ಪಟ್ಟಿಯಲ್ಲಿ ಮೊದಲ ನಾಲ್ಕು ಅಕ್ಷರ ಒಂದೇ ಇರುವ ಎರಡು ಪದಗಳಿಲ್ಲ. ತಗಡು ಎಲ್ಲಿದೆ ಎಂಬುದು ಮನೆಯ ಇನ್ನೊಬ್ಬರಿಗೆ ತಿಳಿದಿರಲಿ. ಫೋಟೊ ತೆಗೆದು ಮೊಬೈಲಿನಲ್ಲಿ ಇಡಬೇಡಿ.

ಮೋಸ ಹೋದವರು ತಡಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಸೈಬರ್ ಅಪರಾಧ ನೋಡಿಕೊಳ್ಳುವ ಶಿವಮೊಗ್ಗದ ಸಿಇಎನ್ ಪೊಲೀಸ್ ಠಾಣೆಗೆ ಹೋಗುವಾಗ ಸ್ಕ್ರೀನ್‌ಶಾಟ್ ಜೊತೆಗೆ ವಹಿವಾಟಿನ ಐಡಿ ಮತ್ತು ಎರಡೂ ವಿಳಾಸಗಳನ್ನು ಪೂರ್ತಿಯಾಗಿ ಬರೆದುಕೊಂಡು ಹೋಗಬೇಕು. ಹಣ ಎಕ್ಸ್‌ಚೇಂಜೊಂದಕ್ಕೆ ಸೇರಿದ್ದರೆ, ಅಲ್ಲಿಂದ ಹೊರಹೋಗುವ ಮೊದಲು ತಡೆಹಿಡಿಸುವ ಅವಕಾಶ ಇರುವುದು ಆರಂಭದ ಕೆಲವು ಗಂಟೆಗಳಲ್ಲಿ ಮಾತ್ರ.

ಪತ್ರಿಕೆಯವರಲ್ಲಿ ಒಂದು ಕೋರಿಕೆ. ಇಂಥ ಸುದ್ದಿ ಅಚ್ಚು ಮಾಡುವಾಗ ಡಾಲರ್ ಲೆಕ್ಕದ ಪಕ್ಕದಲ್ಲೇ ವಹಿವಾಟಿನ ಐಡಿ ಕೊಡಿ. ವಿಳಾಸಕ್ಕೆ ಕೀಲಿ ಇರಲು ಸಾಧ್ಯವೇ ಇಲ್ಲವೋ, ಕಳೆದಿದೆಯೋ, ಇಲ್ಲಾ ಬರೀ ಮಲಗಿದೆಯೋ ಎಂಬುದನ್ನು ಒಂದು ಸಾಲಿನಲ್ಲಿ ಬರೆಯಿರಿ. ಗೊತ್ತಾಗದಿದ್ದರೆ 'ಈವರೆಗೆ ಹಣ ಹೊರಹೋಗಿಲ್ಲ' ಎಂದಷ್ಟೇ ಬರೆದರೂ ಸಾಕು.

ಇಂತಿ,
ಒಬ್ಬ ಓದುಗ
ತೀರ್ಥಹಳ್ಳಿ, ಶಿವಮೊಗ್ಗ ಜಿಲ್ಲೆ